ಒಂದು ಇಡೀ ಕೋಳಿ

ಕೋಳಿ ರೋಸ್ಟ್ ಅಂದರೆ ಹೋಟೆಲಿನ ಖರ್ಚು ಅಂದುಕೊಳ್ಳುವವರೇ ಹೆಚ್ಚು. ಮನೆಯಲ್ಲಿ ಅದಕ್ಕೆ ಬೇಕಾಗುವುದು ಚರ್ಮ ಸುಲಿಯದ ಒಂದೂಕಾಲು ಕಿಲೋ ಇಡೀ ಕೋಳಿ, ಉಪ್ಪು, ಕಾಳುಮೆಣಸು, ಅರ್ಧ ನಿಂಬೆ, ಒಂದು ಚಮಚ ತುಪ್ಪ. ಮೂಳೆ ತೆಗೆದ ಮಾಂಸಕ್ಕೆ ಅಂಗಡಿಯಲ್ಲಿ ಕೇಳುವ ದರ ನೋಡಿದರೆ ಇಡೀ ಕೋಳಿಯೇ ಅಗ್ಗ.

ಹಿಂದಿನ ರಾತ್ರಿಯೇ ಉಪ್ಪು ಸವರಿ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಮುಚ್ಚದೆ ಇಡಿ. ಉಪ್ಪು ಮಾಂಸಕ್ಕೆ ಇಳಿಯುತ್ತದೆ, ಚರ್ಮ ಒಣಗುತ್ತದೆ. ಒಣಗಿದ ಚರ್ಮವೇ ಗರಿಗರಿಯಾಗುವುದು. ಮರುದಿನ ತುಪ್ಪ, ಮೆಣಸು ಹಚ್ಚಿ, ನಿಂಬೆಯನ್ನು ಹೊಟ್ಟೆಯೊಳಗಿಟ್ಟು, ತಟ್ಟೆಯಲ್ಲಿ ಆಲೂಗಡ್ಡೆ, ಈರುಳ್ಳಿ ಹರಡಿ ಅದರ ಮೇಲೆ ಕೂರಿಸಿ. 200 ಡಿಗ್ರಿ ಕಾವಿನ ಓವನ್‌ನಲ್ಲಿ ಸುಮಾರು ಒಂದು ಗಂಟೆ. ತೊಡೆಯ ದಪ್ಪ ಭಾಗದಲ್ಲಿ ಕಾವು 74 ಡಿಗ್ರಿ ಮುಟ್ಟಿರಬೇಕು. ಓವನ್ ಇಲ್ಲವೇ? ದಪ್ಪ ತಳದ ಪಾತ್ರೆ, ಬಿಗಿ ಮುಚ್ಚಳ, ಸಣ್ಣ ಉರಿ ಸಾಕು. ಚರ್ಮ ಮಾತ್ರ ಅಷ್ಟು ಗರಿಯಾಗದು.

ಹೊರತೆಗೆದ ಕೂಡಲೇ ಕತ್ತಿ ಹಾಕಬೇಡಿ. ಕಾಲು ಗಂಟೆ ಬಿಟ್ಟರೆ ರಸ ಮಾಂಸದಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಆ ಆಲೂಗಡ್ಡೆ ನೋಡಿ: ಮೇಲೆ ಹೊಂಬಣ್ಣ, ಅಡಿಯಲ್ಲಿ ಕೋಳಿಯ ಜಿಡ್ಡು ಹೀರಿ ಕಂದಾಗಿ ತಟ್ಟೆಗೆ ಅಂಟಿಕೊಂಡಿರುತ್ತದೆ. ನನಗೆ ಮಾಂಸಕ್ಕಿಂತ ಅದೇ ಇಷ್ಟ.

ಒಂದು ಜೀವ ನಮ್ಮ ಊಟಕ್ಕೆ ಬಂದ ಮೇಲೆ ಅದರ ಯಾವ ಭಾಗವನ್ನೂ ದಂಡ ಮಾಡಬಾರದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮಿಕ್ಕ ಎದೆಮಾಂಸ ಎಳೆ ಬಿಡಿಸಿದರೆ ಮಕ್ಕಳ ಚಪಾತಿ ರೋಲಿಗಾಯಿತು. ಮೂಳೆಗಳನ್ನು ಶುಂಠಿ, ಈರುಳ್ಳಿ ಜೊತೆ ಗಂಟೆ ಹೊತ್ತು ಕುದಿಸಿ ಸೋಸಿ, ಮೆಣಸು ಕುಟ್ಟಿ ಹಾಕಿ. ನಾಳಿನ ಮುದ್ದೆಗೆ ಸಾರು ಸಿದ್ಧ.