ಆಯ್ಕೆಪಟ್ಟಿ ತುಂಬುವ ಮುನ್ನ



ಸಿಇಟಿ ರ‍್ಯಾಂಕ್ ಪ್ರಕಟವಾದ ದಿನದಿಂದ ಮನೆಯಲ್ಲಿ ಒಂದೇ ಚರ್ಚೆ: ಯಾವ ಇಂಜಿನಿಯರಿಂಗ್ ಕಾಲೇಜು? ದೊಡ್ಡಪ್ಪ ಒಂದು ಹೆಸರು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಆಯ್ಕೆಪಟ್ಟಿ ಸಲ್ಲಿಸಬೇಕಾದವರು ನೀವು. ಆ ಪಟ್ಟಿಯನ್ನು ನಿಮ್ಮ ಇಷ್ಟದ ಕ್ರಮದಲ್ಲೇ ಬರೆಯಿರಿ ಎಂಬುದು ನನ್ನ ಸಲಹೆ. ಅನೇಕರು ಭಯದ ಕ್ರಮದಲ್ಲಿ ಬರೆಯುತ್ತಾರೆ. ‘ಈ ರ‍್ಯಾಂಕಿಗೆ ಆ ಕಾಲೇಜು ಎಲ್ಲಿ ಸಿಕ್ಕೀತು? ಮೊದಲ ಸ್ಥಾನ ವ್ಯರ್ಥವಾದೀತು’ ಎಂಬ ಅಂಜಿಕೆ ಅವರಿಗೆ.

ಸೀಟು ಹಂಚಿಕೆ ನಡೆಯುವ ಬಗೆ ತಿಳಿದರೆ ಈ ಅಂಜಿಕೆ ಉಳಿಯದು. ಗಣಕಯಂತ್ರ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮಗೆ ಅರ್ಹತೆಯಿರುವ ಸೀಟು ಮೊದಲು ಎಲ್ಲಿ ಖಾಲಿ ಕಂಡಿತೋ ಅಲ್ಲಿಗೆ ನಿಲ್ಲುತ್ತದೆ.

ಹಾಸನದ ಒಬ್ಬ ವಿದ್ಯಾರ್ಥಿನಿಗೆ ಸಿವಿಲ್ ಓದುವ ಆಸೆ ಎಂದಿಟ್ಟುಕೊಳ್ಳಿ. ಮೊದಲ ಇಷ್ಟ, 1917ರಲ್ಲಿ ಆರಂಭವಾದ ಬೆಂಗಳೂರಿನ ಯು.ವಿ.ಸಿ.ಇ.; ಆಮೇಲೆ ಮೈಸೂರಿನ ಎನ್.ಐ.ಇ.; ಕೊನೆಗೆ ತನ್ನೂರಿನ ಮಲೆನಾಡು ಇಂಜಿನಿಯರಿಂಗ್ ಕಾಲೇಜು. ಹೀಗೆಯೇ ಬರೆದು ಬೆಂಗಳೂರಿನಲ್ಲಿ ಸೀಟು ಇಲ್ಲದಿದ್ದರೆ ಮೈಸೂರನ್ನು ನೋಡಲಾಗುತ್ತದೆ. ಅವಳು ಕಳೆದುಕೊಂಡದ್ದು ಏನೂ ಇಲ್ಲ. ಹೆದರಿ ಹಾಸನವನ್ನೇ ಮೊದಲು ಬರೆದು ಅದು ಸಿಕ್ಕರೆ, ಬೆಂಗಳೂರಿಗೆ ಸಾಲುವ ರ‍್ಯಾಂಕ್ ಇದ್ದರೂ ಗಣಕಯಂತ್ರ ಮುಂದೆ ನೋಡುವುದಿಲ್ಲ.

ಹಾಗಾದರೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಏತಕ್ಕೆ? ಪಟ್ಟಿ ಎಷ್ಟು ಉದ್ದ ಇರಬೇಕೆಂದು ತಿಳಿಯಲು. ಕೊನೆಯ ಭಾಗದಲ್ಲಿ ಖಚಿತವಾಗಿ ಸಿಗಬಹುದಾದ ಕೆಲವು ಹೆಸರುಗಳಿರಲಿ.

ಇನ್ನು ಇಷ್ಟವನ್ನು ತೀರ್ಮಾನಿಸುವುದು ಹೇಗೆ? ನಾಲ್ಕು ವರ್ಷ ಓದುವುದು ಶಾಖೆಯನ್ನು; ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಸೇರಿದ್ದು, ಎನ್.ಬಿ.ಎ. ಮಾನ್ಯತೆ ಪ್ರತ್ಯೇಕ ಕೋರ್ಸಿಗೆ ಕೊಡುವಂಥದು. ನಿಮ್ಮ ಶಾಖೆಗೆ ಅದು ಇದೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಒಂದು ದಿನ ಹೋಗಿ ಬನ್ನಿ. ಸ್ವಾಗತ ಕೊಠಡಿಯ ಅಂದ ಎಲ್ಲ ಕಡೆಯೂ ಒಂದೇ. ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಹಾಸ್ಟೆಲ್ ಊಟ ಹೇಗಿದೆ, ಪಾಠ ಮಾಡುವವರು ವರ್ಷವಿಡೀ ಇರುತ್ತಾರೆಯೇ ಎಂಬುದನ್ನು ಅಲ್ಲಿ ಓದುತ್ತಿರುವ ಎರಡನೇ ವರ್ಷದವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವುದಾದರೆ ಅದೂ ಲೆಕ್ಕಕ್ಕೆ ಬರಬೇಕು.

ಒಂದು ಎಚ್ಚರಿಕೆ. ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಅವಕಾಶವಿದೆ. ಅದು ಎರಡನೇ ಚಾಯ್ಸ್. ಆಗ ಪಟ್ಟಿಯಲ್ಲಿ ಮೇಲಿರುವ ಯಾವುದಾದರೂ ದೊರೆತರೆ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಯಾರದೋ ಒತ್ತಾಯಕ್ಕೆ ಸೇರಿಸಿದ, ನಿಮಗೆ ಬೇಡವಾದ ಹೆಸರು ಮೇಲುಗಡೆ ಉಳಿದಿದ್ದರೆ ಅಳಿಸಿಬಿಡಿ. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಬಳಿಕ ತಿದ್ದಲು ಕೆಲವು ದಿನಗಳ ಅವಧಿ ಕೊಡುತ್ತಾರೆ. ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಆಗ ಅಪ್ಪ ಅಮ್ಮನ ಜತೆ ಕುಳಿತು ಮತ್ತೊಮ್ಮೆ ಓದಿ.