ಬೆನ್ನ ಮೇಲೆ ನೀರಿನ ಚೀಲ, ಬಾಯಲ್ಲಿ ಪೈಪು

ಸೈಕಲ್ ತುಳಿಯೋರ ಬೆನ್ನಲ್ಲಿ ಒಂದು ಸಣ್ಣ ಬ್ಯಾಗು, ಅದರಿಂದ ಭುಜದ ಮೇಲೆ ಹಾದು ಬರೋ ಪೈಪು ನೋಡಿರ್ತೀರಿ. ಹೈಡ್ರೇಷನ್ ಬ್ಲಾಡರ್ ಅಂತಾರೆ. ಇವತ್ತು ಅದರದ್ದೇ ಮಾತು. ಯಾಕೆ ಅಂದ್ರೆ ಅದನ್ನ ಅರ್ಥ ಮಾಡ್ಕೊಳ್ಳದೆ ನಾನು ಒಮ್ಮೆ ಸರಿಯಾಗಿ ಅನುಭವಿಸಿದ್ದೀನಿ.

ಏಪ್ರಿಲ್ ತಿಂಗಳು. ನಾನು, ನನ್ನ ಗೆಳೆಯ ಇಬ್ಬರೂ ಸೈಕಲ್‌ಗಳನ್ನ ಕಾರಿಗೆ ಕಟ್ಕೊಂಡು ನಂದಿ ಬೆಟ್ಟದ ಬುಡಕ್ಕೆ ಹೋದ್ವಿ. ತಲುಪಿದಾಗಲೇ ಬಿಸಿಲು ಏರಿತ್ತು. ಮನೆಯಲ್ಲೇ ಎರಡು ಲೀಟರ್ ತುಂಬಿಸಿದ್ದ ಬ್ಯಾಗನ್ನ ಡಿಕ್ಕಿಯಿಂದ ತೆಗೆದು ಹಾಕ್ಕೊಂಡೆ. ಇವತ್ತು ಯಾಕೋ ಹಗುರ ಅನ್ನಿಸ್ತು, ಖುಷಿಯೇ ಆಯ್ತು. ಅರ್ಧ ಏರು ದಾಟಿದ ಮೇಲೆ ಹೀರಿದ್ರೆ ಏನೂ ಬರ್ಲಿಲ್ಲ. ಮುಂದಿನ ತಿರುವಿಗೆ ತಲೆ ಸುತ್ತು. ಅಂಥ ಬಿಸಿಲಲ್ಲಿ ಮೈಯೆಲ್ಲ ರೋಮ ಎದ್ದು ನಿಂತು ಚಳಿ ಚಳಿ. ಗೆಳೆಯ ನನ್ನನ್ನ ನೆರಳಲ್ಲಿ ಕೂರಿಸಿ, ತನ್ನ ಬಾಟಲಿ ನೀರನ್ನ ತಲೆ ಮೇಲೆ ಸುರಿದು, ಉಳಿದದ್ದನ್ನ ಕುಡಿಸಿದ.

"ಲೋ, ನೀರು ಎಷ್ಟಿದೆ ಅಂತ ನೋಡ್ಕೊಳ್ಳೋದಿಲ್ವೇನೋ?" ಅಂದ. ಬೆನ್ನಲ್ಲಿರೋದನ್ನ ಹೆಂಗಪ್ಪಾ ನೋಡೋದು?

ವಾಪಸ್ ಬಂದು ಡಿಕ್ಕಿ ತೆಗೆದ್ರೆ ಮ್ಯಾಟ್ ಪೂರ್ತಿ ಒದ್ದೆ. ಪೈಪಿನ ತುದೀಲಿ ಇರೋ ರಬ್ಬರಿನಂಥ ಸಿಲಿಕೋನ್ ತುಂಡಿಗೆ ಬೈಟ್ ವಾಲ್ವ್ ಅಂತಾರೆ. ಅದರಲ್ಲಿ ಒಂದು ಸಣ್ಣ ಸೀಳು ಇರುತ್ತೆ. ಹಲ್ಲಲ್ಲಿ ಒತ್ತಿದ್ರೆ ಸೀಳು ತೆರ್ಕೊಳ್ಳುತ್ತೆ, ಬಿಟ್ರೆ ಮುಚ್ಚುತ್ತೆ. ಅದಕ್ಕೆ ಹಲ್ಲು ಯಾವುದು, ಹೆಲ್ಮೆಟ್ ಯಾವುದು ಅಂತ ಗೊತ್ತಾಗಲ್ಲವಲ್ಲ! ನನ್ನ ಹೆಲ್ಮೆಟ್ ಅದರ ಮೇಲೆ ಕೂತಿತ್ತು. ಪೈಪಿನ ತುದಿ ಚೀಲದಲ್ಲಿರೋ ನೀರಿನ ಮಟ್ಟಕ್ಕಿಂತ ಕೆಳಗಿದ್ರೆ, ಡ್ರಮ್ಮಿಂದ ಟ್ಯೂಬ್ ಹಾಕಿ ನೀರು ಇಳಿಸ್ತೀವಲ್ಲ, ಹಾಗೆ ತಾನಾಗೇ ಹರಿಯುತ್ತೆ.

ಕುಡಿಯುವಾಗ ಮಾತ್ರ ನೀರು ಮೇಲಕ್ಕೆ ಏರಬೇಕು. ಟೆಟ್ರಾ ಪ್ಯಾಕ್ ಜ್ಯೂಸ್ ಹೀರಿದಾಗ ಡಬ್ಬಿ ಒಳಕ್ಕೆ ಕುಗ್ಗೋದನ್ನ ನೋಡಿದ್ದೀರಲ್ಲ? ಇಲ್ಲೂ ಅದೇ. ಬಾಯಲ್ಲಿ ಒತ್ತಡ ಕಮ್ಮಿ ಆಗುತ್ತೆ, ಹೊರಗಿನ ಗಾಳಿ ಮೆತ್ತನೆ ಚೀಲವನ್ನ ಅಮುಕಿ ನೀರನ್ನ ಮೇಲಕ್ಕೆ ತಳ್ಳುತ್ತೆ. ಚೀಲವೇ ಕುಗ್ಗೋದರಿಂದ ಒಳಗೆ ಗಾಳಿ ಹೋಗಬೇಕಾಗಿಲ್ಲ. ತುಂಬಿಸಿದ ಮೇಲೆ ಒಳಗಿನ ಗಾಳಿ ಹೀರಿ ತೆಗೆದ್ರೆ ಬೆನ್ನಲ್ಲಿ ನೀರು ಗುಳುಗುಳು ಅನ್ನೋದೂ ನಿಲ್ಲುತ್ತೆ.

ಇದನ್ನ ಹುಟ್ಟುಹಾಕಿದ ಕಥೆ ಮಜವಾಗಿದೆ. 1989, ಅಮೆರಿಕದ ಟೆಕ್ಸಾಸ್. ವಿಚಿಟಾ ಫಾಲ್ಸ್‌ನಲ್ಲಿ ಸುಡುಬಿಸಿಲಲ್ಲಿ ನಡೆಯೋ ನೂರು ಮೈಲಿಯ ಸೈಕಲ್ ಸವಾರಿ; ಹೆಸರೇ 'ಹಾಟರ್ ಎನ್ ಹೆಲ್ ಹಂಡ್ರೆಡ್', ನರಕಕ್ಕಿಂತ ಬಿಸಿ ಅಂತ! ಮೈಕಲ್ ಐಡ್ಸನ್ ಅನ್ನೋ ತುರ್ತು ವೈದ್ಯಕೀಯ ಸಿಬ್ಬಂದಿ ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗೆ ತುರುಕಿ, ಜರ್ಸಿಯ ಬೆನ್ನಿಗೆ ಸಿಕ್ಕಿಸಿಕೊಂಡ. ಟ್ಯೂಬನ್ನ ಭುಜದ ಮೇಲೆ ತಂದು ಬಟ್ಟೆ ಒಣಹಾಕೋ ಕ್ಲಿಪ್ಪಿನಿಂದ ಬಿಗಿದ. ಅದೇ ಮುಂದೆ ಕ್ಯಾಮೆಲ್‌ಬ್ಯಾಕ್ ಕಂಪನಿ ಆಯ್ತು.

ಈಗ ನಾನು ಹೊರಡೋ ಮುಂಚೆ ಬ್ಯಾಗನ್ನ ಕೈಯಲ್ಲಿ ಎತ್ತಿ ನೋಡ್ತೀನಿ. ಎರಡು ಲೀಟರ್ ಅಂದ್ರೆ ಎರಡು ಕೆಜಿ ತೂಗಲೇಬೇಕು. ಪೈಪಿಗೆ ಲಾಕ್ ಇದ್ರೆ ಹಾಕ್ತೀನಿ. ಕುಡಿದಾದ ಮೇಲೆ ಒಮ್ಮೆ ಊದಿ ಪೈಪಲ್ಲಿರೋ ನೀರನ್ನ ಚೀಲಕ್ಕೇ ಕಳಿಸ್ತೀನಿ. ಇಲ್ಲಾಂದ್ರೆ ಬಿಸಿಲಿಗೆ ಕಾದು, ಮುಂದಿನ ಗುಟುಕು ಸ್ನಾನದ ನೀರಿನ ಥರ ಇರುತ್ತೆ. ಚೀಲಕ್ಕೆ ಬರೀ ನೀರು, ಸಕ್ಕರೆ ಇರೋದು ಯಾವುದೂ ಇಲ್ಲ. ಪೈಪೊಳಗೆ ಕಪ್ಪಗೆ ಬೂಸ್ಟು ಹಿಡಿದದ್ದನ್ನ ಒಮ್ಮೆ ನೋಡಿದ್ರೆ ನೀವೂ ಹಾಗೇ ಮಾಡ್ತೀರಿ. ದೂರದ ಸವಾರಿಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತೆ, ಬರೀ ನೀರನ್ನೇ ವಿಪರೀತ ಕುಡಿದ್ರೂ ಅಪಾಯ. ಅದಕ್ಕೆ ಓಆರ್‌ಎಸ್ ಬೇರೆ ಬಾಟಲಿಯಲ್ಲಿ, ಸೈಕಲ್ ಫ್ರೇಮಿನ ಮೇಲೆ.

ಗೆಳೆಯ ಮಾತ್ರ ಇನ್ನೂ ಎರಡು ಬಾಟಲಿ ಸಿಕ್ಕಿಸಿಕೊಂಡೇ ಬರ್ತಾನೆ. ಕೇಳಿದ್ರೆ, "ನಂಗೆ ನೀರು ಕಣ್ಣಿಗೆ ಕಾಣಬೇಕಪ್ಪ" ಅಂತಾನೆ.