ಹೊಳೆಯಿಂದ ಹಿಡಿದ ಮೀನು, ಕೊಳ್ಳುವವನ ಹೊಣೆ



ಮುಂಬೈ, ಪುಣೆ, ಚೆನ್ನೈ ನಗರಗಳ ಕನ್ನಡಿಗರ ಪಡಸಾಲೆಗಳಲ್ಲಿ ಗಾಜಿನ ಮೀನುತೊಟ್ಟಿ ಇಂದು ಅಪರೂಪವಲ್ಲ. ಮಕ್ಕಳ ಕುತೂಹಲಕ್ಕೆಂದು ನಾಲ್ಕು ಗಪ್ಪಿಗಳಿಂದ ಆರಂಭವಾದ ಹವ್ಯಾಸವು ಕೆಲವರಲ್ಲಿ ಸಿಕ್ಲಿಡ್ ಕುಲದ ಮೀನುಗಳತ್ತ ಹೊರಳುತ್ತದೆ. ಬಣ್ಣದ ಸೊಬಗು, ಮರಿಗಳನ್ನು ಕಾಯುವ ವಾತ್ಸಲ್ಯ, ಒಡೆಯನನ್ನು ಗುರುತಿಸುವಂತಿರುವ ಚುರುಕು, ಇವೆಲ್ಲ ಮನಸ್ಸನ್ನು ಸೆಳೆಯುತ್ತವೆ. ಮುಂದಿನ ಮೆಟ್ಟಿಲು ‘ವೈಲ್ಡ್ ಕಾಟ್’, ಅಂದರೆ ಸಾಕಣೆಯಲ್ಲಿ ಹುಟ್ಟದೆ ನೇರವಾಗಿ ಹೊಳೆ, ಸರೋವರಗಳಿಂದ ಹಿಡಿದು ತಂದ ಮೀನು. ಇದು ಹೆಚ್ಚಾಗಿ ಅಂಗಡಿಯಲ್ಲಿ ದೊರೆಯದು. ಖಾಸಗಿ ಮಾರಾಟಗಾರನ ಮನೆಯಲ್ಲಿ, ರಸೀದಿಯಿಲ್ಲದೆ, ಬಾಯಿಮಾತಿನ ಮೇಲೆ ಕೈಬದಲಾಗುತ್ತದೆ. ಇಂದಿನ ಉಪನ್ಯಾಸದ ವಿಷಯ ಈ ಕೊನೆಯ ಮೆಟ್ಟಿಲು.

ಮೊದಲು ಮೀನಿನ ತವರನ್ನು ನೋಡೋಣ. ಆಫ್ರಿಕಾದ ಮಲಾವಿ ಮತ್ತು ಟ್ಯಾಂಗನಿಕಾ ಸರೋವರಗಳಲ್ಲಿ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ. ಅವುಗಳಲ್ಲಿ ಬಹುಪಾಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೆಲವಂತೂ ಒಂದೇ ಬಂಡೆಸಾಲನ್ನು ನಂಬಿ ಬದುಕುತ್ತವೆ. ಸೌಲೋಸಿ ಎಂಬ ಹಳದಿ-ನೀಲಿ ಮೀನು ಮಲಾವಿಯ ಚಿಝುಮುಲು ದ್ವೀಪದ ಬಳಿಯ ಟೈವಾನ್ ರೀಫ್ ಎಂಬ ಒಂದೇ ತಾಣದ್ದು. ಅದು ಇಂದು ಅಳಿವಿನ ತೀವ್ರ ಅಂಚಿಗೆ ಬಂದಿದೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದದ್ದೇ ಇದಕ್ಕೆ ಮುಖ್ಯ ಕಾರಣ. ಟ್ಯಾಂಗನಿಕಾದ ಟ್ರೋಫಿಯಸ್ ತಾಯಿಮೀನು ಬೆರಳೆಣಿಕೆಯಷ್ಟು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಹಿಡಿದಷ್ಟು ವೇಗವಾಗಿ ಆ ಸಂತತಿ ತುಂಬಿಕೊಳ್ಳಲಾರದು. ಆಳದಲ್ಲಿ ವಾಸಿಸುವ ಫ್ರಂಟೋಸಾವನ್ನು ಒಮ್ಮೆಗೇ ಮೇಲೆತ್ತಿದರೆ ಒಡಲೊಳಗಿನ ಗಾಳಿಚೀಲ ಉಬ್ಬಿ ಪ್ರಾಣಕ್ಕೆ ಸಂಚಕಾರವಾಗುತ್ತದೆ. ಅದನ್ನು ಹಂತ ಹಂತವಾಗಿ ಮೇಲಕ್ಕೆ ತರುವ ತಾಳ್ಮೆ ಎಲ್ಲ ಬಲೆಗಾರರಿಗೂ ಇರುವುದಿಲ್ಲ.

ಇದು ದೂರದ ಕಥೆಯೆಂದು ನೆಮ್ಮದಿ ಪಡುವಂತಿಲ್ಲ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಜಾತಿ. ಅವುಗಳಲ್ಲಿ ಒಂದು ಕೆನರಾ ಪರ್ಲ್‌ಸ್ಪಾಟ್. ಹೆಸರಲ್ಲೇ ಕರಾವಳಿ ಕನ್ನಡನಾಡು ಇದೆ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳ ಸಿಹಿನೀರು ಅದರ ಮನೆ. ಧರ್ಮಸ್ಥಳದ ಯಾತ್ರಿಕರು ಮೀಯುವುದೂ ಇದೇ ನೇತ್ರಾವತಿಯಲ್ಲಿ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಮೀನೂ ಸೇರಿದೆ. ವಿದೇಶದ ಹವ್ಯಾಸಿಗಳ ತೊಟ್ಟಿಗಳಲ್ಲಿಯೂ ಇದೆ.

ಇನ್ನು ವ್ಯಾಪಾರದ ಲೆಕ್ಕ. ಹಿಡಿದು ತಂದ ಮೀನಿಗೆ ‘ಎಫ್ ಸೊನ್ನೆ’, ಅದರ ಮರಿಗೆ ‘ಎಫ್ ಒಂದು’ ಎಂಬ ಸಂಜ್ಞೆಗಳಿವೆ. ಸೊನ್ನೆಗೆ ಬೆಲೆ ಹೆಚ್ಚು, ಆದರೆ ಆ ಸೊನ್ನೆಯನ್ನು ಸಾಬೀತುಪಡಿಸುವ ಗುರುತು ಮೀನಿನ ಮೈಮೇಲೆ ಇರುವುದಿಲ್ಲ. ಯಾವ ದಡದಲ್ಲಿ, ಯಾವಾಗ ಹಿಡಿದದ್ದು? ಆಮದುದಾರ ಯಾರು? ಜೀವಂತ ಮೀನಿನ ಆಮದಿಗೆ ಬೇಕಾದ ಆರೋಗ್ಯ ಅನುಮತಿಪತ್ರವೆಲ್ಲಿ? ಪ್ರತ್ಯೇಕವಾಸದ ದಾಖಲೆಯೆಲ್ಲಿ? ಈ ಪ್ರಶ್ನೆಗಳಿಗೆ ಕಾಗದದ ಉತ್ತರವಿಲ್ಲದಿದ್ದರೆ ಕೊಳ್ಳುವವನ ಮುಂದೆ ಉಳಿಯುವುದು ಎರಡೇ ಸಾಧ್ಯತೆ. ಮಾತು ಸುಳ್ಳಾದರೆ ಅವನು ಸಾಕಣೆಯ ಮರಿಗೆ ಕಾಡಿನ ಬೆಲೆ ತೆತ್ತಿದ್ದಾನೆ. ಮಾತು ನಿಜವಾದರೆ ಕಳ್ಳದಾರಿಯಲ್ಲಿ ಬಂದ ಜೀವಕ್ಕೆ ಕಡೆಯ ಗಿರಾಕಿಯಾಗಿದ್ದಾನೆ. ಎರಡರಲ್ಲೂ ನಷ್ಟವೇ.

ಶ್ರಾವಕರ ವ್ರತಗಳನ್ನು ಬಲ್ಲವರಿಗೆ ಈ ಎರಡು ನಷ್ಟಗಳ ಹೆಸರು ಹೊಸದಲ್ಲ. ಕದ್ದು ತಂದದ್ದನ್ನು ಕೊಳ್ಳುವುದೂ, ಒಂದನ್ನು ಇನ್ನೊಂದೆಂದು ಮಾರುವುದೂ ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿವೆ. ಅಹಿಂಸಾ ವ್ರತದ ಅತಿಚಾರಗಳಲ್ಲಿ ಮೊದಲನೆಯದೇ ಬಂಧನ. ಮೀನನ್ನು ತಿನ್ನದ ಮನೆಯಲ್ಲಿ ಹಿಂಸೆಯೇ ಇಲ್ಲವೆಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ದಾರಿಯಲ್ಲಿ ಸತ್ತ ಮೀನುಗಳ ಖರ್ಚನ್ನೂ ಬದುಕಿ ಬಂದ ಮೀನಿನ ಬೆಲೆಯೊಳಗೇ ಸೇರಿಸಿ ವಸೂಲು ಮಾಡಲಾಗುತ್ತದೆ; ಕೊಳ್ಳುವವನು ಆ ಸಾವುಗಳಿಗೂ ಹಣ ಕೊಟ್ಟಿರುತ್ತಾನೆ.

ಇನ್ನೊಂದು ತಪ್ಪು ದಯೆಯ ವೇಷದಲ್ಲಿ ಬರುತ್ತದೆ. ತೊಟ್ಟಿ ಚಿಕ್ಕದಾದಾಗ, ಮನೆ ಬದಲಿಸುವಾಗ, ಅಭಯದಾನವೆಂದು ಮೀನನ್ನು ಊರ ಕೆರೆಗೆ ಬಿಡುವವರಿದ್ದಾರೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೂಡ ಸಿಕ್ಲಿಡ್ ಕುಲದ್ದೇ. ಅದು ದಕ್ಷಿಣದ ಎಷ್ಟೋ ಕೆರೆಗಳನ್ನು ಆಕ್ರಮಿಸಿ ಸ್ಥಳೀಯ ಮೀನುಗಳ ಅನ್ನ, ಗೂಡು ಎರಡನ್ನೂ ಕಸಿದಿದೆ. ಒಂದು ಜೀವವನ್ನು ಬಿಡಿಸಿ ಸಾವಿರ ಜೀವಗಳನ್ನು ಸಿಕ್ಕಿಸುವುದು ಅಭಯದಾನವಾಗಲಾರದು.

ಬಲೆಗಾರನ ಹೊಟ್ಟೆಪಾಡಿನ ಪ್ರಶ್ನೆಯನ್ನೂ ಮರೆಯಬಾರದು. ಮಿತಿಯಲ್ಲಿ, ಲೆಕ್ಕವಿಟ್ಟು ಹಿಡಿದ ಮೀನು ದಡದ ಬಡ ಕುಟುಂಬಗಳಿಗೆ ಆದಾಯವಾದೀತು, ಸರೋವರವನ್ನು ಕಾಯಲು ಅವರಿಗೆ ಕಾರಣವೂ ಆದೀತು. ಆದರೆ ಆ ವಾದ ಲೆಕ್ಕವಿರುವ ವ್ಯಾಪಾರಕ್ಕಷ್ಟೇ ಸಲ್ಲುತ್ತದೆ. ಯಾರು ಹಿಡಿದರೆಂದೇ ತಿಳಿಯದ ಮೀನಿನ ಹಣ ಬಲೆಗಾರನಿಗೆ ಎಷ್ಟು ತಲುಪಿತೆಂದು ಹೇಳುವವರಾರು? ಸರ್ಕಾರವೂ ಇಲ್ಲಿ ದೃಢವಾಗಿ ನಿಂತಿಲ್ಲ. ಅಕ್ವೇರಿಯಂ ಅಂಗಡಿಗಳಿಗೆ 2017ರಲ್ಲಿ ಕೇಂದ್ರವು ಹೊರಡಿಸಿದ ನಿಯಮಗಳನ್ನು ಮುಂದೆ ಹಿಂತೆಗೆದುಕೊಳ್ಳಲಾಯಿತು. ಕಾನೂನು ಹಿಂಜರಿದ ಕಡೆ ಗೃಹಸ್ಥನ ವಿವೇಕವೇ ಕಾವಲಾಗಬೇಕು.

ಆ ವಿವೇಕದ ರೂಪ ಸರಳ. ಹೊಸದಾಗಿ ತೊಟ್ಟಿ ಇಡುವ ಮುನ್ನ ಅದು ಬೇಕೇ ಎಂದು ಮನೆಮಂದಿಯೆಲ್ಲ ಕುಳಿತು ಯೋಚಿಸಲಿ. ಈಗಾಗಲೇ ಇಟ್ಟವರು ಹೊಳೆಯಿಂದ ಹಿಡಿದದ್ದನ್ನು ಬಿಟ್ಟು, ಸಾಕಣೆಯಲ್ಲಿ ಹುಟ್ಟಿದ್ದನ್ನೇ, ಬಿಲ್ಲು ಕೊಡುವವರಿಂದ ಪಡೆಯಲಿ. ಇರುವ ಮೀನನ್ನು ಅದರ ತವರಿನ ನೀರಿಗೆ ಹೊಂದುವಂತೆ ಕಡೆಯವರೆಗೂ ಸಾಕಲಿ. ಆಗದಿದ್ದರೆ ಬಲ್ಲ ಸಾಕಣೆಗಾರನಿಗೆ ಒಪ್ಪಿಸಲಿ, ಕೆರೆಗೆ ಸುರಿಯದಿರಲಿ. ರಸೀದಿ ಕೇಳಿದ ಕೂಡಲೇ ಮುಖ ತಿರುಗಿಸುವ ಮಾರಾಟಗಾರನಿಂದ ಬರಿಗೈಯಲ್ಲಿ ಮರಳುವುದೇ ಲಾಭವೆಂದು ತಿಳಿಯಲಿ.

ಗಾಜಿಗೆ ಮುಖವೊತ್ತಿ ನಿಂತ ಮಗು ಒಂದಲ್ಲ ಒಂದು ದಿನ ಕೇಳುತ್ತದೆ: ಈ ಮೀನು ಎಲ್ಲಿಂದ ಬಂತು? ಆ ಪ್ರಶ್ನೆಗೆ ತಂದೆತಾಯಿ ತಡವರಿಸದೆ ಉತ್ತರಿಸುವಂತಾದರೆ ಸಾಕು, ಈ ಮಾತುಗಳು ಸಾರ್ಥಕ.